ಬಿಪಿ ಸರಿ ಇದೆ, ಪಲ್ಸ್ ಏರುತ್ತಿದೆ: ಡಾಕ್ಟರನ್ನು ಬರುವ ಹಾಗೆ ಕರೆಯುವುದು ಹೇಗೆ?

ಪ್ರಶ್ನೆ: ಸ್ಟಾಫ್ ನರ್ಸ್, ಹೆರಿಗೆ ವಾರ್ಡ್

ನೈಟ್ ಡ್ಯೂಟಿಯಲ್ಲಿ ವಾರ್ಡಿಗೆ ನಾನೊಬ್ಬಳೇ. ಮೊನ್ನೆ, ನಾರ್ಮಲ್ ಹೆರಿಗೆಯಾಗಿ ಎರಡು ಗಂಟೆಯಾಗಿದ್ದ ಬಾಣಂತಿಯೊಬ್ಬರ ಬಿಪಿ 110/70 ಇತ್ತು. ಪಲ್ಸ್ ಮಾತ್ರ 88ರಿಂದ 104, ಆಮೇಲೆ 118 ಆಯಿತು. ಪದೇ ಪದೇ ನೀರು ಕೇಳುತ್ತಿದ್ದರು. ಪ್ಯಾಡಿನಲ್ಲಿ ಅಂಥ ರಕ್ತವೇನೂ ಕಾಣಲಿಲ್ಲ. ಡ್ಯೂಟಿ ಡಾಕ್ಟರು ಫೋನಿನಲ್ಲಿ ‘ಬಿಪಿ ಚೆನ್ನಾಗಿದೆಯಲ್ಲ, ನೋಡ್ತಾ ಇರಿ’ ಅಂದರು. ಎರಡನೇ ಫೋನಿಗೆ ಬಂದು ಗರ್ಭಕೋಶದೊಳಗೆ ಹೆಪ್ಪುಗಟ್ಟಿದ್ದ ರಕ್ತ ತೆಗೆದರು. ತಾಯಿ ಈಗ ಆರಾಮಾಗಿದ್ದಾರೆ. ಮೊದಲನೇ ಫೋನಿಗೇ ಬರುವ ಹಾಗೆ ಏನು ಹೇಳಬೇಕು?

ಉತ್ತರ: ಹಿರಿಯ ಶುಶ್ರೂಷಾಧಿಕಾರಿ

ನಿಮ್ಮ ಅನುಮಾನ ಸರಿಯಾಗಿಯೇ ಇತ್ತು ಸಿಸ್ಟರ್. ಬಾಣಂತಿಯರಲ್ಲಿ ಬಿಪಿ ನಂಬಿ ಕೂರಬಾರದು. ಬಸಿರಿನಲ್ಲಿ ಮೈಯಲ್ಲಿ ರಕ್ತ ಜಾಸ್ತಿಯಾಗಿರುತ್ತದೆ, ವಯಸ್ಸೂ ಚಿಕ್ಕದು. ರಕ್ತ ಹೋದರೂ ನಾಳಗಳು ಬಿಗಿಯಾಗುತ್ತವೆ, ಹೃದಯ ಬೇಗ ಬೇಗ ಬಡಿಯುತ್ತದೆ, ಬಿಪಿ ತುಂಬಾ ಹೊತ್ತು ಬೀಳದೆ ನಿಲ್ಲುತ್ತದೆ. ಅದು ಬೀಳುವ ಹೊತ್ತಿಗೆ ಲೀಟರಿಗಿಂತ ಹೆಚ್ಚು ಹೋಗಿರಬಹುದು.

ಪಲ್ಸನ್ನು ಮೇಲಿನ ಬಿಪಿಯಿಂದ ಭಾಗಿಸಿ. ರಕ್ತ ಹೋಗುತ್ತಿರುವುದರ ಸುಳಿವು ಕೊಡುವ ಶಾಕ್ ಇಂಡೆಕ್ಸ್ ಅಂದರೆ ಇದೇ. 0.9 ಮುಟ್ಟಿದರೆ ಎಚ್ಚರ. ನಿಮ್ಮ ಕೇಸಿನಲ್ಲಿ 0.8 ಇದ್ದದ್ದು 1.07ಕ್ಕೆ ಹೋಗಿದೆ, ಬಿಪಿ ಕದಲದಿದ್ದರೂ!

ಆಮೇಲೆ ಹೊಟ್ಟೆ ಮೇಲೆ ಕೈಯಿಡಿ. ಗರ್ಭಕೋಶ ಕುಗ್ಗದೆ ಮೆತ್ತಗಿದೆಯಾ, ಹೊಕ್ಕುಳಿಗಿಂತ ಮೇಲೆ ಬಂದಿದೆಯಾ? ಮೂತ್ರ ಕಟ್ಟಿಕೊಂಡಿದ್ದರೂ ಅದು ಕುಗ್ಗುವುದಿಲ್ಲ. ಮೂತ್ರ ಖಾಲಿ ಮಾಡಿಸುವುದು, ಗರ್ಭಕೋಶ ತಿಕ್ಕಿ ಗಟ್ಟಿ ಮಾಡುವುದು, ಇವಕ್ಕೆ ಡಾಕ್ಟರು ಬರುವ ತನಕ ಕಾಯಬೇಡಿ.

ಫೋನಿನಲ್ಲಿ ‘ಪಲ್ಸ್ ಜಾಸ್ತಿ ಇದೆ ಸರ್’ ಅಂದರೆ ಸಾಲದು. ನಾನು ಹೀಗೆ ಹೇಳುತ್ತೇನೆ: ‘ಹೆರಿಗೆಯಾಗಿ ಎರಡು ಗಂಟೆ ಆಗಿದೆ. ಪಲ್ಸ್ 88ರಿಂದ 118ಕ್ಕೆ ಏರಿದೆ, ಬಾಯಾರಿಕೆ ಇದೆ. ಗರ್ಭಕೋಶ ಮೆತ್ತಗೆ, ಹೊಕ್ಕುಳಿನ ಮೇಲಿದೆ. ಒಳಗೆ ರಕ್ತ ನಿಂತಿದೆ ಅನ್ನಿಸುತ್ತಿದೆ. ನೀವು ಈಗಲೇ ಬಂದು ನೋಡಬೇಕು.’ ಕೊನೆಯ ಮಾತು ಬಿಡಲೇಬೇಡಿ. ನಮಗೆ ಏನು ಬೇಕು ಅಂತ ನಾವು ಹೇಳದಿದ್ದರೆ ‘ನೋಡ್ತಾ ಇರಿ’ ಅನ್ನುವುದು ಸುಲಭ. ಆಗಲೂ ಬರದಿದ್ದರೆ ಅವರ ಮೇಲಿನವರಿಗೆ ಫೋನ್ ಮಾಡಿ. ಕರೆದ ಸಮಯ ಕೇಸ್ ಶೀಟಿನಲ್ಲಿ ಬರೆಯಿರಿ.

ಉತ್ತರ: ಹೆರಿಗೆ ಡಾಕ್ಟರ್

ಸಿಸ್ಟರ್ ಹೇಳಿದ್ದು ಪೂರ್ತಿ ನಿಜ. ಇಂಥ ಫೋನ್ ಬಂದರೆ ನಾನು ಚಪ್ಪಲಿ ಹುಡುಕುತ್ತಲೇ ಔಷಧಿ ಹೇಳುತ್ತೇನೆ. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಹೆರಿಗೆಯಾದ 3 ಗಂಟೆಯೊಳಗೆ ಹೋಗಬೇಕು, ಅದಕ್ಕೇ ಬೇಗ ಕರೆಯಿರಿ. ಗರ್ಭಕೋಶ ಗಟ್ಟಿಯಾಗಿದ್ದೂ ಪಲ್ಸ್ ಏರುತ್ತಿದ್ದರೆ ಹೊಲಿಗೆ ಹತ್ತಿರ ನೋಡಿ. ‘ಕೆಳಗೆ ಒತ್ತಿದ ಹಾಗಿದೆ, ಕೂರೋಕೆ ಆಗ್ತಿಲ್ಲ’ ಅಂದರೆ ಅಲ್ಲಿ ಒಳಗೇ ರಕ್ತ ಕಟ್ಟಿರಬಹುದು. ಹಿಮೋಗ್ಲೋಬಿನ್ 8 ಇರುವ ತಾಯಿಗೆ ಸ್ವಲ್ಪ ರಕ್ತ ಹೋದರೂ ಕಷ್ಟ.

ರಕ್ತವನ್ನು ಕಣ್ಣಳತೆಗೆ ಬಿಡಬೇಡಿ. ಆಫ್ರಿಕಾದ 4 ದೇಶಗಳಲ್ಲಿ ಅಳತೆ ಗುರುತಿರುವ ಪ್ಲಾಸ್ಟಿಕ್ ಹಾಳೆಯಲ್ಲಿ ರಕ್ತ ಹಿಡಿದು, ಚಿಕಿತ್ಸೆಯನ್ನೆಲ್ಲ ಒಟ್ಟಿಗೇ ಶುರು ಮಾಡಿ ನೋಡಿದರು. ಇ-ಮೋಟಿವ್ ಅಂತ ಆ ಅಧ್ಯಯನ, 2023ರಲ್ಲಿ ಬಂತು. ತೀವ್ರ ರಕ್ತಸ್ರಾವ ಮತ್ತು ಅದರ ಅಪಾಯಗಳು 60% ಕಡಿಮೆಯಾದವು.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಮೇಡಂ. ನಮ್ಮಲ್ಲಿ ಆ ಹಾಳೆ ಇಲ್ಲ. ಪ್ಯಾಡ್ ತೂಕ ಮಾಡಿದರೆ ಸಾಕಾ?

ಹಿರಿಯ ಶುಶ್ರೂಷಾಧಿಕಾರಿ

ಸಾಕು. ಒಣ ಪ್ಯಾಡಿನ ತೂಕ ಕಳೆಯಿರಿ, 1 ಗ್ರಾಂ ಅಂದರೆ ಹತ್ತಿರ ಹತ್ತಿರ 1 ಮಿಲಿ ರಕ್ತ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಆದೀತು. ಮಗು ತೂಗುವ ಯಂತ್ರ ಮಾತ್ರ ಮುಟ್ಟಬೇಡಿ.