ಹಿನ್ನೀರಿನಲ್ಲಿ ಮೀನು ಹಿಡಿಯಲು ಯಾವ ದೋಣಿ, ಎಷ್ಟು ಎಚ್‌ಪಿ ಮೋಟಾರು? ಕೊಂಡವರು ತಿಳಿಸಿ

ಪ್ರಶ್ನೆ: ಶರಾವತಿ ಹಿನ್ನೀರಿನ ದಡದಲ್ಲಿ ಮನೆ. ಪರವಾನಗಿ ಸಿಕ್ಕಿದೆ. ನಾನು, ತಮ್ಮ ಇಬ್ಬರೇ ಬಲೆ ಬಿಡುವವರು; ಇಲ್ಲಿಯವರೆಗೆ ಹುಟ್ಟು ಹಾಕಿಯೇ ನಡೆದಿದೆ. ಈಗ 14 ಅಡಿಯ ಫೈಬರ್ ದೋಣಿ, 5 ಎಚ್‌ಪಿ ಮೋಟಾರು ಕೊಳ್ಳುವ ಯೋಚನೆ ಇದೆ. ಕೈಯಲ್ಲಿರುವುದು ಒಂದೂವರೆ ಲಕ್ಷ. ಅನುಭವ ಇದ್ದವರು ಹೇಳಿ.

ತುಮರಿಯಿಂದ: ಎಚ್‌ಪಿ ಲೆಕ್ಕ ಆಮೇಲೆ, ಮೊದಲು ನೀರಿನ ತಳ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ಕೊಳೆತಿಲ್ಲ. ನೀರು ಪೂರ್ಣ ಮಟ್ಟ, ಅಂದರೆ ಸಮುದ್ರಮಟ್ಟದಿಂದ 1819 ಅಡಿ, ಮುಟ್ಟಿದಾಗ ಅವುಗಳ ಮೇಲೆ ಹಾಯಾಗಿ ಹೋಗುತ್ತೀರಿ. ಬೇಸಿಗೆ ಬಂತೆಂದರೆ ಅದೇ ದಾರಿಯಲ್ಲಿ ನೀರಿನಿಂದ ಒಂದು ಗೇಣು ಕೆಳಗೆ ನಿಂತಿರುತ್ತವೆ. ಹಿನ್ನೀರಿನಲ್ಲಿ ಮುಳುಗಿರುವ ಮಡೆನೂರಿನ ಹಳೆಯ ಅಣೆಕಟ್ಟು ತಲೆ ಎತ್ತುವ ಹೊತ್ತಿಗೆ ನನ್ನ ಟೂ ಸ್ಟ್ರೋಕ್ ಮೋಟಾರಿನ, ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಷಿಯರ್ ಪಿನ್‌ಗಳು ಸಾಲಾಗಿ ತುಂಡಾಗುತ್ತವೆ. ಪಿನ್ನಿಗೆ ಎಪ್ಪತ್ತು ರೂಪಾಯಿ. ಗೇರನ್ನು ಉಳಿಸಲೆಂದೇ ಅದು ತುಂಡಾಗುವುದು, ಅದಕ್ಕೆ ಕೊರಗಬೇಡಿ. ಪಕ್ಕದ ಊರಿನವರೊಬ್ಬರು ಪಿನ್ನಿನ ಜಾಗಕ್ಕೆ ಉಕ್ಕಿನ ಮೊಳೆ ಹೊಡೆದರು. ಮುಂದಿನ ಬೊಡ್ಡೆಗೆ ಗೇರ್ ಕೇಸೇ ಸೀಳಿತು. ಬಿಡಿಭಾಗ 16,800, ಕೊರಿಯರ್ 450, ಮೆಕ್ಯಾನಿಕ್ 2,500. ಭಾಗ ಬರುವಷ್ಟರಲ್ಲಿ ಕಾಟ್ಲಾ ಸಿಗುವ ಕಾಲವೂ ಮುಗಿದಿತ್ತು. ಹಳೆಯ ಟೂ ಸ್ಟ್ರೋಕ್ ಸಿಕ್ಕರೆ ಬಿಡಬೇಡಿ. ಹಗುರ, ಒಬ್ಬನೇ ಹೆಗಲ ಮೇಲೆ ಹೊತ್ತು ಕೆಸರು ದಾಟಬಹುದು. ಪೆಟ್ರೋಲ್ ಲೀಟರಿಗೆ 20 ಮಿಲಿ ಆಯಿಲ್ ಬೆರೆಸಿದರಾಯಿತು, ಅಷ್ಟೇ.

ಹಿರಿಯೂರಿನಿಂದ: ಇಬ್ಬರಿಗೆ 14 ಅಡಿ ಏಕೆ, ಮೋಟಾರು ಏಕೆ? ವಾಣಿವಿಲಾಸ ಸಾಗರದಲ್ಲಿ ನಮ್ಮ ತಂದೆಯ ಕಾಲದಿಂದ ಹರಿಗೋಲು. ಮೊದಲು ಬಿದಿರಿನ ಹೆಣಿಗೆ, ಡಾಂಬರು ಬಳಿದದ್ದು. ಈಗ ಫೈಬರಿನದು, 17,000 ಕೊಟ್ಟೆ. ಕೆಲಸ ಮುಗಿದ ಮೇಲೆ ಬೆನ್ನಿಗೆ ಕವುಚಿಕೊಂಡು ಮನೆಗೆ ಬರುತ್ತೇನೆ, ಕಳ್ಳತನದ ಭಯವಿಲ್ಲ. ಪೆಟ್ರೋಲ್ ಇಲ್ಲ, ಪಿನ್ ಇಲ್ಲ. 2022ರಲ್ಲಿ, 1933ರ ನಂತರ ಮೊದಲ ಬಾರಿಗೆ, ಕೋಡಿ ಬಿದ್ದಾಗ ನೀರು ಹರಡಿಕೊಂಡಿತು. ‘ಇನ್ನು ಮೋಟಾರಿಲ್ಲದೆ ಆಗದು’ ಎಂದು ಸಾಲ ಮಾಡಿ ಕೊಂಡವರಿದ್ದಾರೆ. ಅವರ ಕಂತು ಇನ್ನೂ ಮುಗಿದಿಲ್ಲ. ನನಗೆ ಒಂದು ರೂಪಾಯಿ ಸಾಲವಿಲ್ಲ.

ತುಮರಿಯಿಂದ: ಆಷಾಢದ ಗಾಳಿಯಲ್ಲಿ ನಮ್ಮ ಹಿನ್ನೀರಿಗೆ ನಿಮ್ಮ ಹರಿಗೋಲು ತನ್ನಿ. ಒಂದೇ ಕಡೆ ಗಿರಗಿರನೆ ತಿರುಗುತ್ತಾ ಯಾವ ದಡಕ್ಕೆ ಸೇರುತ್ತೀರಿ ಎಂದು ನೋಡೋಣ.

ಹಿರಿಯೂರಿನಿಂದ: ಹುಟ್ಟು ಹಾಕಲು ಬರದವರ ಕೈಯಲ್ಲಿ ತಿರುಗುತ್ತದೆ. ಆ ಗಾಳಿಯಲ್ಲಿ ನೀರಿಗೆ ಇಳಿಯದಿರುವುದೂ ಕಸುಬಿನ ತಿಳಿವಳಿಕೆಯೇ.

ಬೆಂಗಳೂರಿನಿಂದ: ನಾನು ಗಾಳ ಹಾಕುವವನು, ರಜೆಯಲ್ಲಿ ಕಬಿನಿ, ಹೇಮಾವತಿ ಕಡೆ ಬರುತ್ತೇನೆ. ಯಾರೂ ಬ್ಯಾಟರಿ ಮೋಟಾರಿನ ಮಾತೇ ಎತ್ತಲಿಲ್ಲ. ನನ್ನದು 12 ವೋಲ್ಟಿನದು, 55 ಪೌಂಡ್ ನೂಕುಬಲ. ಪೂರ್ತಿ ವೇಗದಲ್ಲಿ 50 ಆಂಪಿಯರ್ ಎಳೆಯುತ್ತದೆ. 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಬ್ಯಾಟರಿಯಲ್ಲಿ ಎರಡು ಗಂಟೆ, ನಿಧಾನಕ್ಕೆ ಹೋದರೆ ಅರ್ಧ ದಿನ. ಮೊದಲಿದ್ದ ಸೀಸದ ಬ್ಯಾಟರಿ 30 ಕಿಲೋಗಿಂತ ಭಾರ, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯುಸ್ಸೇ ಕುಗ್ಗುತ್ತದೆ. ಲಿಥಿಯಂಗೆ 36,500 ಆಯಿತು, ತೂಕ 12 ಕಿಲೋ. ಸದ್ದಿಲ್ಲ, ಹೊಗೆಯಿಲ್ಲ, ಮೀನು ಬೆದರುವುದಿಲ್ಲ.

ಗೊರೂರಿನಿಂದ: ಎರಡು ಗಂಟೆಯಲ್ಲಿ ಹತ್ತು ಕಿಲೋಮೀಟರ್ ಹೋದೀರಿ. ಬಲೆ ಎತ್ತಿ, ಎದುರುಗಾಳಿಯಲ್ಲಿ ತಿರುಗಿ ಬರುವುದು ಹೇಗೆ? ನಮಗೆ ಇದು ರಜೆಯ ಆಟವಲ್ಲ, ಸಂಸಾರ ನಡೆಯಬೇಕು. ನನ್ನ ಹೆಸರಿನಲ್ಲೇ ದೋಣಿ ಮಾಡಿಸಿದೆವು. ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಮಹಿಳೆಯರಿಗೆ ಶೇ. 60 ಸಹಾಯಧನ ಇತ್ತು. ಆದರೆ ಮೊದಲು ಪೂರ್ತಿ ಹಣ ನಾವೇ ಕಟ್ಟಿದೆವು. ಸಹಾಯಧನ ಬರುವವರೆಗಿನ ಬಡ್ಡಿ ಯಾರ ಲೆಕ್ಕಕ್ಕೂ ಬರಲಿಲ್ಲ.

ಪ್ರಶ್ನೆ ಕೇಳಿದವರೇ, ಫೈಬರ್ ದೋಣಿ ನೋಡಲು ಹೋದಾಗ ಬಣ್ಣ ನೋಡಬೇಡಿ, ಮೋಟಾರು ಕೂರುವ ಹಿಂಬದಿ ಹಲಗೆ ನೋಡಿ. ಒಳಗೆ ಪ್ಲೈವುಡ್ ಇರುತ್ತದೆ. ನಮ್ಮದರಲ್ಲಿ ಬೋಲ್ಟಿನ ತೂತಿಗೆ ಸೀಲಂಟ್ ಹಾಕದೆ ಬಿಗಿದಿದ್ದರು. ಹೊರಗೆ ಒಂದು ಗೆರೆಯೂ ಇರಲಿಲ್ಲ. ಮೋಟಾರು ಅಲುಗಾಡುತ್ತಿದೆ ಎಂದು ಬೋಲ್ಟ್ ಬಿಚ್ಚಿದರೆ ತೂತಿನಿಂದ ಚಹಾದ ಬಣ್ಣದ ನೀರು ಇಳಿಯಿತು. ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಒಳಗೆ ಹೋಯಿತು. ಕತ್ತರಿಸಿ, ಮೆರೈನ್ ಪ್ಲೈ ಹಾಕಿ, ಮತ್ತೆ ಫೈಬರ್ ಸುತ್ತಿಸಲು 14,200. ದೋಣಿ ಮಾಡಿಕೊಟ್ಟವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು.

ಮಲ್ಪೆಯಿಂದ: ಮೋಟಾರು ಬಿಚ್ಚುವುದೇ ನನ್ನ ಕೆಲಸ. ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ಎಂದು ಜಗಳವಾಡುವ ಮೊದಲು ಪೆಟ್ರೋಲಿನ ವಿಷಯ ಯೋಚಿಸಿ. ಬಂಕಿನಲ್ಲಿ ಈಗ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಕೂರಿಸುವ ಮೋಟಾರಿನ, ಕೈಪಿಡಿಗಳು ಹೆಚ್ಚಾಗಿ ಒಪ್ಪುವುದು ಶೇ. 10ರವರೆಗೆ. ಎಥೆನಾಲ್ ನೀರಿನ ತೇವವನ್ನು ಹೀರುತ್ತದೆ, ಕೊನೆಗೆ ನೀರಿನ ಜೊತೆ ಟ್ಯಾಂಕಿನ ತಳಕ್ಕೆ ಬೇರೆಯಾಗಿ ನಿಲ್ಲುತ್ತದೆ. ಮಳೆಗಾಲವಿಡೀ ನಿಂತ ಮೋಟಾರಿನ ಕಾರ್ಬ್ಯುರೇಟರ್ ಬಿಚ್ಚಿದರೆ ಬೌಲಿನ ತಳದಲ್ಲಿ ಬಿಳಿಯ ಲೋಳೆ, ಜೆಟ್ಟಿನ ತೂತು ಪೂರ್ತಿ ಮುಚ್ಚಿರುತ್ತದೆ. ಇಡುವ ಮೊದಲು ಪೆಟ್ರೋಲ್ ಪೈಪ್ ಕಳಚಿ, ಮೋಟಾರು ತಾನಾಗಿ ನಿಲ್ಲುವವರೆಗೆ ಓಡಿಸಿ. ತಂಪಿನ ನೀರು ಬೇಕಲ್ಲ, ಡ್ರಮ್ಮಿನಲ್ಲಿಟ್ಟು ಓಡಿಸಿ. ನೀರಿಲ್ಲದೆ ಓಡಿಸಿದರೆ ತಂಪಿನ ನೀರು ಎತ್ತುವ ರಬ್ಬರ್ ಚಕ್ರ, ಇಂಪೆಲ್ಲರ್, ಸುಟ್ಟುಹೋಗುತ್ತದೆ.

ತುಮರಿಯಿಂದ: ನನ್ನ ಟೂ ಸ್ಟ್ರೋಕ್‌ಗೆ ಯಾವ ಪೆಟ್ರೋಲೂ ಆಗುತ್ತದೆ. ಏನೂ ಆಗಿಲ್ಲ.

ಮಲ್ಪೆಯಿಂದ: ಆಗುತ್ತದೆ. ನಿಮ್ಮ ಮೋಟಾರು ಸುಡದೆ ಬಿಡುವ ಎಣ್ಣೆ ಅದೇ ಹೊಳೆಯ ನೀರಿನ ಮೇಲೆ ಬಣ್ಣವಾಗಿ ಹರಡುತ್ತದೆ ಎಂಬುದನ್ನೂ ಹೇಳಿ.

ಬೆಂಗಳೂರಿನಿಂದ: ಅದಕ್ಕೇ ನಾನು ಬ್ಯಾಟರಿ ಎಂದದ್ದು. ಜೊತೆಗೆ ಬೆರಳೂ ತೂರದ ಕಣ್ಣಿನ ಬಲೆ ಬಿಟ್ಟು ಮರಿಗಳನ್ನೆಲ್ಲ ಎತ್ತುವವರು ಕೆರೆ ಉಳಿಸುವ ಮಾತನಾಡಬಾರದು.

ಗೊರೂರಿನಿಂದ: ನಮ್ಮ ಬಲೆಯ ಕಣ್ಣು ಅಳೆಯಲು ಬನ್ನಿ, ಅಳತೆಪಟ್ಟಿ ನಾನೇ ಕೊಡುತ್ತೇನೆ. ನಿಮ್ಮಂಥವರ ಪ್ರೊಪೆಲ್ಲರ್ ಹೋದ ಸಾಲಿನಲ್ಲಿ ನಮ್ಮ ಬಲೆ ಸೀಳಿತು. ಎರಡು ತುದಿಗೂ ಕೆಂಪು ಕ್ಯಾನು ಕಟ್ಟಿದ್ದೆವು, ಹಗಲು ಹೊತ್ತು. ನೂಲು, ಬೆಂಡು, ಸೀಸ ಸೇರಿ 3,600. ನಿಂತು ಕೇಳುವ ಸೌಜನ್ಯವೂ ಇರಲಿಲ್ಲ.

ಬೆಂಗಳೂರಿನಿಂದ: ಅದು ನಾನಲ್ಲ.

ಗೊರೂರಿನಿಂದ: ನೀವೆಂದು ನಾನೂ ಹೇಳಲಿಲ್ಲ.

ಪ್ರಶ್ನೆ ಕೇಳಿದವರು: ಸಾಗರದ ಹತ್ತಿರ ಹಳೆಯ ದೋಣಿಯೊಂದನ್ನು ನೋಡಿ ಬಂದೆ. ಹಿಂಬದಿ ಹಲಗೆ 15 ಅಂಗುಲ ಎತ್ತರ. ಅವರ ಬಳಿ ಇರುವ ಮೋಟಾರು ಲಾಂಗ್ ಶಾಫ್ಟ್. ಎರಡೂ ಸೇರಿ 1,10,000 ಎನ್ನುತ್ತಿದ್ದಾರೆ.

ಮಲ್ಪೆಯಿಂದ: ಜೋಡಿಯಾಗಿ ಬೇಡ. ಲಾಂಗ್ ಶಾಫ್ಟ್ 20 ಅಂಗುಲದ ಹಲಗೆಗೆ. 15ಕ್ಕೆ ಕೂರಿಸಿದರೆ ಪ್ರೊಪೆಲ್ಲರ್ ಐದು ಅಂಗುಲ ಹೆಚ್ಚು ಆಳಕ್ಕೆ ಇಳಿಯುತ್ತದೆ, ನಿಮ್ಮಲ್ಲಿ ಬೊಡ್ಡೆ ಬೇರೆ. ದೋಣಿ ಮಾತ್ರ ಕೊಡುತ್ತಾರೆಯೇ ಕೇಳಿ.

ತುಮರಿಯಿಂದ: ಹಲಗೆಗೆ ಮರದ ತುಂಡು ಸೇರಿಸಿ ಎತ್ತರಿಸಬಹುದು. ನಾನು ಹಾಗೆಯೇ ಓಡಿಸುತ್ತಿದ್ದೇನೆ.

ಗೊರೂರಿನಿಂದ: ಮೊದಲು ಬೋಲ್ಟ್ ಬಿಚ್ಚಿಸಿ ನೋಡಿ, ಆಮೇಲೆ ಮುಂಗಡ ಕೊಡಿ. ಬಿಚ್ಚಲು ಒಪ್ಪದಿದ್ದರೆ ಎದ್ದು ಬನ್ನಿ.

ಹಿರಿಯೂರಿನಿಂದ: ಒಂದು ಲಕ್ಷ ಹತ್ತು ಸಾವಿರ! ಆರು ಹರಿಗೋಲು ಬರುತ್ತವೆ.