22 ದಿನ ನಿಂತ ಕಾರು, ಡೌನ್ ಆದ ಬ್ಯಾಟರಿ: ಹೊಸದೇ ಹಾಕಿಸಬೇಕಾ?

ಪ್ರಶ್ನೆ (ಬೆಂಗಳೂರಿನಿಂದ):
ಅಣ್ಣ, ನಮಸ್ಕಾರ. ಅಪ್ಪನಿಗೆ ಹುಷಾರಿಲ್ಲ ಅಂತ ಬಸ್ಸಿನಲ್ಲಿ ಶಿರಸಿಗೆ ಹೋಗಿದ್ದೆ. 22 ದಿನ ಅಲ್ಲೇ ಉಳಿಯಬೇಕಾಯ್ತು. ವಾಪಸ್ ಬಂದು ನೋಡಿದರೆ ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ್ದ ಕಾರು ಸ್ಟಾರ್ಟ್ ಆಗ್ತಿಲ್ಲ. ರಿಮೋಟ್ ಒತ್ತಿದರೆ ಏನೂ ಇಲ್ಲ, ಕೀ ಹಾಕಿ ಬಾಗಿಲು ತೆಗೆದೆ. ಕೀ ತಿರುಗಿಸಿದರೆ ಮೀಟರ್ ಬೋರ್ಡಿನ ಲೈಟು ಮಂಕಾಗಿ ಹತ್ತಿ, ಮುಂದೆ ಬಾನೆಟ್ ಒಳಗೆ ಟಕ ಟಕ ಟಕ ಅಂತ ಸದ್ದು ಬರುತ್ತದೆ, ಅಷ್ಟೇ. ಸೆಲ್ಫ್ ತಿರುಗುವುದಿಲ್ಲ. ಹತ್ತಿರದ ಬ್ಯಾಟರಿ ಅಂಗಡಿಯಿಂದ ಒಬ್ಬರು ಬಂದು ನೋಡಿ, "ಬ್ಯಾಟರಿ ಸತ್ತಿದೆ ಮೇಡಂ, ಹೊಸದೇ ಹಾಕಬೇಕು, 5,200 ಆಗುತ್ತೆ" ಅಂದರು. ಮೀಟರ್ ಇಟ್ಟು ನೋಡಲಿಲ್ಲ. ಬ್ಯಾಟರಿ ಹಾಕಿಸಿ ಎರಡೂವರೆ ವರ್ಷ ಆಗಿದೆ. ಮೇಲೆ ಕೆಪಾಸಿಟಿ 35 ಎಎಚ್ (ಆಂಪಿಯರ್ ಅವರ್) ಅಂತ ಇದೆ. ಸಣ್ಣ ಪೆಟ್ರೋಲ್ ಕಾರು, ಮ್ಯಾನುವಲ್ ಗೇರ್. ಹಾಕಿಸಿಬಿಡಲಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಹಾಸನ):
ಇವತ್ತೇ ದುಡ್ಡು ಕೊಡಬೇಡಿ ಅಕ್ಕ. ಚಾರ್ಜ್ ಇಳಿಯುವುದು ಬೇರೆ, ಬ್ಯಾಟರಿ ಹೋಗುವುದು ಬೇರೆ. ಕಣ್ಣಲ್ಲಿ ನೋಡಿ ಇವೆರಡರಲ್ಲಿ ಯಾವುದು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಈ ಕೆಲಸಕ್ಕೆ ಕೂತು 22 ವರ್ಷ ಆಯ್ತು, ನನಗೂ ಆಗುವುದಿಲ್ಲ. ಅಳೆದೇ ಹೇಳಬೇಕು.

ಆ ಟಕ ಟಕ ಸದ್ದು ಏನು ಅಂದರೆ, ಸೆಲ್ಫಿನ ಸ್ವಿಚ್ಚನ್ನು ಎಳೆಯುವಷ್ಟು ಶಕ್ತಿ ಬ್ಯಾಟರಿಯಲ್ಲಿದೆ, ಮೋಟಾರ್ ತಿರುಗಿಸುವಷ್ಟು ಇಲ್ಲ. ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಬಿಟ್ಟುಬಿಡುತ್ತದೆ, ಮತ್ತೆ ಎಳೆಯುತ್ತದೆ. ಟರ್ಮಿನಲ್ ಸಡಿಲ ಇದ್ದರೂ ಇದೇ ಸದ್ದು ಬರುತ್ತದೆ. ಅದಕ್ಕೇ ಮೊದಲು ಎರಡೂ ಟರ್ಮಿನಲ್ ಕ್ಲಾಂಪುಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಅಲ್ಲಾಡಬಾರದು. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಬುಸ್ ಅಂತ ನೊರೆ ಬಂದು ಹೋಗುತ್ತದೆ. ಆ ನೀರು ಬ್ಯಾಟರಿ ಒಳಗೆ ಹೋಗದಂತೆ ನೋಡಿಕೊಳ್ಳಿ. ಒಣಗಿದ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ.

ಆಮೇಲೆ ಒಂದು ಸಾದಾ ಮಲ್ಟಿಮೀಟರ್ ತಗೊಳ್ಳಿ. ಮನೆಯಲ್ಲಿ ಹತ್ತು ಕೆಲಸಕ್ಕೆ ಬರುತ್ತದೆ. ಡಿಸಿ 20 ವೋಲ್ಟಿಗೆ ಇಟ್ಟು ಕೆಂಪನ್ನು ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಮುಟ್ಟಿಸಿ ಎಷ್ಟು ತೋರಿಸುತ್ತೆ ಅಂತ ಬರೆಯಿರಿ. ಕಾರು ಸುಮ್ನೆ ನಿಂತಿದ್ದಾಗ 12.6 ಅಂದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಅಂದರೆ ಹೆಚ್ಚುಕಡಿಮೆ ಖಾಲಿ.

ಇನ್ನೊಂದು ಮಾತು. ಎರಡೂವರೆ ವರ್ಷ ಅಂದಿರಿ, ವಾರಂಟಿ ಕಾರ್ಡ್ ಹುಡುಕಿ. ಎಷ್ಟೋ ಬ್ಯಾಟರಿಗಳಿಗೆ ಮೊದಲ ಭಾಗದಲ್ಲಿ ಪೂರ್ತಿ ಉಚಿತ ಬದಲಾವಣೆ, ಎರಡನೇ ಭಾಗದಲ್ಲಿ ರಿಯಾಯಿತಿ ಇರುತ್ತದೆ. ಹೊಸದು ಮಾರುವವರು ಅದನ್ನು ತಾವಾಗಿ ಕೇಳುವುದಿಲ್ಲ.

ಪ್ರಶ್ನೆ ಕೇಳಿದವರು:
ಅಣ್ಣ, ಟರ್ಮಿನಲ್ ಗಟ್ಟಿಯಾಗಿದೆ. ಮೀಟರ್ 10.8 ತೋರಿಸುತ್ತಿದೆ. ವಾರಂಟಿ ಕಾರ್ಡ್ ಸಿಕ್ಕಿತು, ಇನ್ನೂ ಆರು ತಿಂಗಳು ಇದೆ! ಪಕ್ಕದ ಮನೆಯವರು ತಮ್ಮ ಕಾರಿನಿಂದ ಜಂಪ್ ಸ್ಟಾರ್ಟ್ ಮಾಡಿಕೊಡ್ತೀನಿ ಅಂತಿದ್ದಾರೆ. ಮಾಡಬಹುದಾ? ಇಲ್ಲಾ ತಳ್ಳಿ ಸ್ಟಾರ್ಟ್ ಮಾಡೋದಾ?

ಉತ್ತರ:
ತಳ್ಳುವುದು ಬೇಡ. ಹಳೇ ಕಾರ್ಬ್ಯುರೇಟರ್ ಗಾಡಿಗಳ ಕಾಲ ಬೇರೆ. ಈಗಿನ ಕಾರಿಗೆ ಪೆಟ್ರೋಲ್ ಪಂಪು, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಎರಡಕ್ಕೂ ಕರೆಂಟ್ ಬೇಕು. ಬ್ಯಾಟರಿ ಇಷ್ಟು ಇಳಿದಾಗ ಬೇಸ್‌ಮೆಂಟ್ ತುಂಬಾ ತಳ್ಳಿದರೂ ಸೊಂಟ ನೋವು ಬರುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಆಟೋಮ್ಯಾಟಿಕ್ ಗೇರಿನವರಂತೂ ಯಾವತ್ತೂ ತಳ್ಳಬಾರದು.

ಜಂಪ್ ಮಾಡಬಹುದು, ಆದರೆ ಕೇಬಲ್ ಹಾಕುವ ಕ್ರಮ ತಪ್ಪಬಾರದು. ಎರಡು ಕಾರುಗಳ ಬಾಡಿ ಒಂದಕ್ಕೊಂದು ತಾಗಿರಬಾರದು, ಎರಡೂ ಆಫ್ ಇರಬೇಕು. ಕೆಂಪು ಕೇಬಲ್ಲಿನ ಒಂದು ತುದಿ ನಿಮ್ಮ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಅವರ ಪ್ಲಸ್ಸಿಗೆ. ಆಮೇಲೆ ಕಪ್ಪು ಅವರ ಮೈನಸ್ಸಿಗೆ. ಕಪ್ಪಿನ ಕೊನೇ ತುದಿಯನ್ನು ನಿಮ್ಮ ಬ್ಯಾಟರಿಯ ಮೈನಸ್ಸಿಗೆ ಹಾಕಬೇಡಿ. ಬ್ಯಾಟರಿಯಿಂದ ದೂರ, ಇಂಜಿನ್ನಿನ ಬಣ್ಣ ಇಲ್ಲದ ಕಬ್ಬಿಣದ ಭಾಗಕ್ಕೆ ಹಾಕಿ. ಕೊನೇ ತುದಿ ಮುಟ್ಟಿಸುವಾಗ ಕಿಡಿ ಬರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತಿರುತ್ತದೆ, ಅದರ ಪಕ್ಕದಲ್ಲಿ ಕಿಡಿ ಬೀಳಬಾರದು. ಅವರ ಇಂಜಿನ್ ಐದು ನಿಮಿಷ ಓಡಲಿ, ಆಮೇಲೆ ನಿಮ್ಮ ಕೀ ತಿರುಗಿಸಿ. ಸ್ಟಾರ್ಟ್ ಆದ ಮೇಲೆ ಹಾಕಿದ್ದಕ್ಕೆ ತಿರುಗುಮುರುಗಾಗಿ ತೆಗೆಯಿರಿ. ಕಪ್ಪು ಮೊದಲು.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಜಂಪ್ ಬದಲು ಬ್ಯಾಟರಿ ಬಿಚ್ಚಿ ಚಾರ್ಜಿಗೆ ಕೊಡುತ್ತಿದ್ದೆ. ಇಷ್ಟು ಖಾಲಿಯಾದದ್ದನ್ನು ತುಂಬಿಸುವ ಕೆಲಸ ಇಂಜಿನ್ ಓಡುವಾಗ ಚಾರ್ಜ್ ಕೊಡುವ ಆಲ್ಟರ್ನೇಟರಿನದಲ್ಲ. ನಿಂತಲ್ಲೇ ಇಂಜಿನ್ ಓಡಿಸಿದರೆ ಪೆಟ್ರೋಲ್ ಖರ್ಚು, ಚಾರ್ಜ್ ಏರುವುದು ಕಡಿಮೆ. ಸಿಟಿ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಸುತ್ತಿದರೂ ಅದು ತುಂಬುವುದಿಲ್ಲ.

ಬಿಚ್ಚುವಾಗ 10 ನಂಬರ್ ಸ್ಪ್ಯಾನರ್ ಸಾಕು. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ವಾಪಸ್ ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಯಾಕೆ ಅಂದರೆ ಕಾರಿನ ಬಾಡಿ ಪೂರ್ತಿ ಮೈನಸ್. ಮೈನಸ್ ಇರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಅಲ್ಲೇ ವೆಲ್ಡಿಂಗ್ ಆಗುತ್ತದೆ. ಬಳೆ, ಉಂಗುರ ತೆಗೆದಿಟ್ಟು ಕೈ ಹಾಕಿ. ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗನ ಉಂಗುರ ಹೀಗೇ ನಡುವೆ ಸಿಕ್ಕಿಕೊಂಡಿತ್ತು. ಒಂದು ಕ್ಷಣ ಅಷ್ಟೇ. ಉಂಗುರ ಕಾದು ಕೆಂಪಾಯ್ತು. ಬೆರಳಿನ ಸುತ್ತ ಆ ಗುರುತು ಇವತ್ತಿಗೂ ಇದೆ.

ಚಾರ್ಜಿಗೆ ಇಡುವವರಿಗೆ ನಿಧಾನವಾಗಿ ಕೊಡಿ ಅಂತ ಹೇಳಿ. 35 ಎಎಚ್ ಬ್ಯಾಟರಿಗೆ ಅದರ ಹತ್ತನೇ ಒಂದು ಭಾಗ, ಅಂದರೆ ಮೂರೂವರೆ ಆಂಪಿಯರ್ ಕರೆಂಟ್ ಸಾಕು. ಒಂದು ರಾತ್ರಿ ಪೂರ್ತಿ, ಹತ್ತು ಹನ್ನೆರಡು ಗಂಟೆ ಬೇಕು. ಒಂದು ಗಂಟೆಯಲ್ಲಿ ಮಾಡಿಕೊಡ್ತೀನಿ ಅಂದರೆ ಬೇಡ ಅನ್ನಿ. ಜಾಸ್ತಿ ಕರೆಂಟ್ ಹೊಡೆದರೆ ಪ್ಲೇಟ್ ಹಾಳಾಗುತ್ತದೆ. ತಡ ಮಾಡಬೇಡಿ. ಖಾಲಿ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಕೂರುತ್ತದೆ. ಹೊಸದಾಗಿ ಕೂತದ್ದು ಚಾರ್ಜ್ ಕೊಟ್ಟರೆ ಕರಗುತ್ತದೆ. ಖಾಲಿಯಾಗೇ ಬಿಟ್ಟಷ್ಟು ದಿನ ಹರಳುಗಟ್ಟುತ್ತಾ ಹೋಗುತ್ತದೆ, ಆಮೇಲೆ ಯಾವ ಚಾರ್ಜಿಗೂ ಬಗ್ಗುವುದಿಲ್ಲ.

10.8 ನೋಡಿ ಈಗಲೇ ಹೆದರಬೇಡಿ. ಒಳಗೆ ಆರು ಸೆಲ್ ಇರುತ್ತದೆ, ತುಂಬಿದಾಗ ಒಂದೊಂದಕ್ಕೆ 2.1 ವೋಲ್ಟ್. ಪೂರ್ತಿ ಚಾರ್ಜ್ ಆದ ಮೇಲೂ 10.5ರ ಹತ್ತಿರವೇ ನಿಂತರೆ ಒಂದು ಸೆಲ್ ಹೋಗಿದೆ ಅಂತ ಅರ್ಥ, ಐದೇ ಕೆಲಸ ಮಾಡುತ್ತಿದೆ. ಆಗ ವಾರಂಟಿಯಲ್ಲಿ ಬದಲಾಯಿಸಿಕೊಳ್ಳಿ. ಏರಿದರೆ ಚಾರ್ಜರಿನಿಂದ ಬಿಚ್ಚಿ ಒಂದು ರಾತ್ರಿ ಸುಮ್ನೆ ಬಿಟ್ಟು ಅಳೆಯಿರಿ. ಬಿಚ್ಚಿದ ತಕ್ಷಣ ತೋರಿಸುವ ಅಂಕಿಯನ್ನು ನಂಬಬಾರದು.

ಇನ್ನೊಬ್ಬರ ಪ್ರಶ್ನೆ (ಕಲಬುರಗಿಯಿಂದ):
ಸರ್, ನಮ್ಮಲ್ಲಿ ಎರಡು ವರ್ಷಕ್ಕೇ ಬ್ಯಾಟರಿ ಹೋಗುತ್ತದೆ. ಮಡಿಕೇರಿಯಲ್ಲಿರುವ ನಮ್ಮ ಭಾವನ ಕಾರಿಗೆ ಐದನೇ ವರ್ಷ ನಡೀತಿದೆ, ಅದೇ ಕಂಪನಿದು. ಚಳಿಗೆ ಬ್ಯಾಟರಿ ಹಾಳಾಗುತ್ತೆ ಅಂತಾರಲ್ಲ, ಇಲ್ಲಿ ಉಲ್ಟಾ ಯಾಕೆ?

ಉತ್ತರ:
ಚಳಿಯಲ್ಲಿ ಬ್ಯಾಟರಿ ಸೋಮಾರಿ ಆಗುತ್ತದೆ, ಹಾಳಾಗುವುದು ಬಿಸಿಲಿಗೆ ಸರ್. ನಿಮ್ಮ ಕಡೆ ಮೇ ತಿಂಗಳಲ್ಲಿ ಹೊರಗೇ 42, 43 ಡಿಗ್ರಿ. ಬಾನೆಟ್ ಒಳಗೆ ಇನ್ನೂ ಜಾಸ್ತಿ. ಆ ಕಾವಿಗೆ ಒಳಗಿನ ಸೀಸದ ಜಾಲರಿ ಬೇಗ ಸವೆಯುತ್ತದೆ, ನೀರು ಬೇಗ ಆರುತ್ತದೆ. ಪ್ಲೇಟಿನ ತುದಿ ನೀರಿನಿಂದ ಹೊರಗೆ ಬಂದರೆ ಅಷ್ಟು ಭಾಗ ಒಣಗಿ ಹೋದಂತೆಯೇ.

ನಿಮ್ಮದು ಮುಚ್ಚಳ ತೆಗೆಯುವ ಬ್ಯಾಟರಿ ಆಗಿದ್ದರೆ ಯುಗಾದಿ ಹೊತ್ತಿಗೆ ಒಂದು ಸಲ, ಆಮೇಲೆ ಬೇಸಿಗೆ ಮುಗಿಯುವವರೆಗೆ ತಿಂಗಳಿಗೊಂದು ಸಲ ನೀರು ನೋಡಿ. ಡಿಸ್ಟಿಲ್ಡ್ ವಾಟರ್ ಮಾತ್ರ. ಮನೆಯ ಫಿಲ್ಟರ್ ನೀರು, ಬಾಟಲಿ ನೀರು ಯಾವುದೂ ಆಗುವುದಿಲ್ಲ, ಅದರಲ್ಲಿ ಉಪ್ಪಿನ ಅಂಶ ಉಳಿದಿರುತ್ತದೆ. ಆಸಿಡ್ ಅಂತೂ ಹಾಕಲೇಬೇಡಿ. ಆರುವುದು ನೀರು, ಆಸಿಡ್ ಅಲ್ಲ. ನೆರಳಲ್ಲಿ ನಿಲ್ಲಿಸಲು ಜಾಗ ಇದ್ದರೆ ಅದೇ ದೊಡ್ಡ ಉಪಕಾರ.

ಮತ್ತೊಬ್ಬರು (ತುಮಕೂರಿನಿಂದ):
ನನ್ನ ಕಾರು ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುತ್ತದೆ. ಇದಕ್ಕೆ ಸಾದಾ ಬ್ಯಾಟರಿ ಹಾಕಿದರೆ 2,000 ಕಡಿಮೆ ಬೀಳುತ್ತೆ ಅಂತಾರೆ. ಹಾಕಬಹುದಾ?

ಉತ್ತರ:
ಬೇಡ. ದಿನಕ್ಕೆ ಹತ್ತಾರು ಸಲ ಸ್ಟಾರ್ಟ್ ಆಗುವ ಕಾರಿಗೆ ಇಎಫ್‌ಬಿ ಇಲ್ಲಾ ಎಜಿಎಂ ಅನ್ನುವ ಬೇರೆ ಜಾತಿಯ ಬ್ಯಾಟರಿ ಬರುತ್ತದೆ. ಕಂಪನಿಯಿಂದ ಯಾವುದು ಬಂದಿತ್ತೋ ಅದೇ ಹಾಕಿಸಿ. ಸಾದಾ ಬ್ಯಾಟರಿ ಆ ಕೆಲಸಕ್ಕೆ ಬೇಗ ಸೋತುಹೋಗುತ್ತದೆ, ಉಳಿಸಿದ 2,000 ಉಳಿಯುವುದಿಲ್ಲ. ತರುವಾಗ ಎಎಚ್, ಪ್ಲಸ್ ಯಾವ ಕಡೆ ಇದೆ, ತಯಾರಾದ ತಿಂಗಳು ಯಾವುದು ಅಂತ ನೋಡಿ. ಅಂಗಡಿಯಲ್ಲಿ ಆರು ತಿಂಗಳು ಸುಮ್ನೆ ಕೂತ ಬ್ಯಾಟರಿ ಬೇಡ. ಹಳೆಯದನ್ನು ಅವರಿಗೇ ಕೊಟ್ಟು ಬೆಲೆಯಲ್ಲಿ ಕಳೆಯಿಸಿಕೊಳ್ಳಿ. ಸೀಸಕ್ಕೆ ಬೆಲೆ ಇದೆ. ಗುಜರಿಗೆ ಹಾಕಿದರೆ ಆಸಿಡ್ಡನ್ನು ಮೋರಿಗೆ ಸುರಿದು ಸೀಸ ಕರಗಿಸುತ್ತಾರೆ. ಆ ಹೊಗೆ ಅಕ್ಕಪಕ್ಕದ ಮಕ್ಕಳಿಗೆ ವಿಷ.

ಪ್ರಶ್ನೆ ಕೇಳಿದವರು:
ಅಣ್ಣ, ರಾತ್ರಿಯೆಲ್ಲ ಚಾರ್ಜ್ ಮಾಡಿಸಿ, ಮಾರನೇ ರಾತ್ರಿ ಸುಮ್ನೆ ಬಿಟ್ಟೆ. ಬೆಳಿಗ್ಗೆ 12.5. ಕಾರಿಗೆ ಹಾಕಿ ಕೀ ತಿರುಗಿಸಿದ ತಕ್ಷಣ ಒಂದೇ ಏಟಿಗೆ ಸ್ಟಾರ್ಟ್! ಸ್ಟಾರ್ಟ್ ಆಗುವಾಗ ನನ್ನ ತಮ್ಮ ಮೀಟರ್ ಹಿಡಿದಿದ್ದ, 10.3ಕ್ಕೆ ಇಳಿಯಿತಂತೆ. ಇಂಜಿನ್ ಓಡುವಾಗ 14.2.

ಉತ್ತರ:
ಓದಿ ತುಂಬಾ ಖುಷಿಯಾಯ್ತು ಅಕ್ಕ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ದುರ್ಬಲ ಅಂತ ಲೆಕ್ಕ, ನಿಮ್ಮದು 10.3. ಓಡುವಾಗ 14.2 ಅಂದರೆ ಆಲ್ಟರ್ನೇಟರ್ ಕೂಡ ಸರಿ ಇದೆ. ಬ್ಯಾಟರಿ ಬದುಕಿದೆ. ಪೂರ್ತಿ ಖಾಲಿಯಾದ್ದರಿಂದ ಆಯಸ್ಸು ಸ್ವಲ್ಪ ಕಮ್ಮಿ ಆಗಿರುತ್ತದೆ, ಅದಕ್ಕೆ ಏನೂ ಮಾಡಲಾಗುವುದಿಲ್ಲ.

ಆದರೆ ಒಂದು ವಿಷಯ ನನಗೆ ಸಮಾಧಾನ ಇಲ್ಲ. ನಿಂತ ಕಾರು ಕೂಡ ಅಲಾರಂ, ಇಸಿಯು ಅಂತ ಒಂದಿಷ್ಟು ಕರೆಂಟ್ ತಿನ್ನುತ್ತದೆ. 25 ಮಿಲಿ ಆಂಪಿಯರ್ ಅಂದುಕೊಂಡರೂ ದಿನಕ್ಕೆ 0.6 ಎಎಚ್, 22 ದಿನಕ್ಕೆ 13 ಎಎಚ್. 35ರಲ್ಲಿ 13 ಹೋದರೂ ಕಾರು ಸ್ಟಾರ್ಟ್ ಆಗಬೇಕಿತ್ತು. ಕಾರಿಗೆ ಹೊರಗಿನಿಂದ ಏನಾದರೂ ಹಾಕಿಸಿದ್ದೀರಾ?

ಪ್ರಶ್ನೆ ಕೇಳಿದವರು:
ಡ್ಯಾಶ್ ಕ್ಯಾಮೆರಾ ಇದೆ ಅಣ್ಣ! ನಾಲ್ಕು ತಿಂಗಳ ಹಿಂದೆ ಹಾಕಿಸಿದ್ದು. ಕಾರು ನಿಂತಾಗಲೂ ರೆಕಾರ್ಡ್ ಆಗುತ್ತೆ ಅಂತ ನೇರ ಫ್ಯೂಸಿಗೆ ವೈರ್ ಕೊಟ್ಟಿದ್ದಾರೆ.

ಉತ್ತರ:
ಸಿಕ್ಕಿತು. ಅಂಥ ಕ್ಯಾಮೆರಾ 0.2 ಆಂಪಿಯರ್ ತಿಂದರೂ ದಿನಕ್ಕೆ 5 ಎಎಚ್ ಹತ್ತಿರ, ಒಂದು ವಾರಕ್ಕೆ ನಿಮ್ಮ ಬ್ಯಾಟರಿ ಖಾಲಿ. ಖಾತ್ರಿ ಮಾಡಿಕೊಳ್ಳಲು ಹೀಗೆ ಮಾಡಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಬದಲಾಯಿಸಿ. ಮೈನಸ್ ಕ್ಲಾಂಪ್ ಬಿಚ್ಚಿ, ಕ್ಲಾಂಪಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಮೀಟರ್ ಸೇರಿಸಿ. ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಡಿ, ಕಾರು ಪೂರ್ತಿ ಮಲಗಲಿ. ಆಮೇಲೆ ಅಂಕಿ ನೋಡಿ, ಕ್ಯಾಮೆರಾ ಫ್ಯೂಸ್ ತೆಗೆದು ಮತ್ತೆ ನೋಡಿ. ಮೀಟರ್ ಹೀಗಿರುವಾಗ ಕೀ ತಿರುಗಿಸಬೇಡಿ. 10 ಆಂಪಿಯರಿನಲ್ಲಿಟ್ಟು ಪ್ಲಸ್ಸಿಗೂ ಮೈನಸ್ಸಿಗೂ ನೇರ ಮುಟ್ಟಿಸಲೂ ಬೇಡಿ, ಅದು ಶಾರ್ಟ್.

ಪ್ರಶ್ನೆ ಕೇಳಿದವರು:
ಮೊದಲು 0.23 ಇತ್ತು. ಕ್ಯಾಮೆರಾ ಫ್ಯೂಸ್ ತೆಗೆದ ತಕ್ಷಣ 0.02. ನನ್ನ ಕಣ್ಣೆದುರಿಗೇ ಇಳಿಯಿತು ಅಣ್ಣ. ಹೊಸ ಬ್ಯಾಟರಿ ಹಾಕಿಸಿದ್ದರೆ ಮುಂದಿನ ಸಲ ಊರಿಗೆ ಹೋಗಿ ಬರುವಷ್ಟರಲ್ಲಿ ಅದೂ ಖಾಲಿ ಆಗ್ತಿತ್ತು ಅಲ್ವಾ?

ಉತ್ತರ:
ಹೌದು, ಅದೂ ಆಗ್ತಿತ್ತು. ಕ್ಯಾಮೆರಾ ವೈರನ್ನು ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಬದಲಾಯಿಸಿ. ನಿಂತಾಗಲೂ ರೆಕಾರ್ಡ್ ಬೇಕೇ ಬೇಕು ಅಂದರೆ 12.2ಕ್ಕೆ ತಾನೇ ನಿಲ್ಲುವ ಕಟ್‌ಆಫ್ ಕಿಟ್ ಹಾಕಿಸಿ. ಮುಂದಿನ ಸಲ ಎರಡು ವಾರಕ್ಕಿಂತ ಜಾಸ್ತಿ ಊರಿಗೆ ಹೋಗುವುದಿದ್ದರೆ ಮೈನಸ್ ಬಿಚ್ಚಿಟ್ಟು, ಬಾಗಿಲನ್ನು ಕೀ ಹಾಕಿ ಲಾಕ್ ಮಾಡಿ ಹೋಗಿ. ವಾಪಸ್ ಬಂದ ಮೇಲೆ ಗಡಿಯಾರ ಒಂದನ್ನು ಸರಿ ಮಾಡಿಕೊಂಡರಾಯ್ತು.

ಅಪ್ಪ ಈಗ ಹೇಗಿದ್ದಾರೆ ಅಕ್ಕ?