ಮಳೆಗಾಲದ ಬಾಣಂತನ: ಹಾಲುಣಿಸೋಕೆ ದಿನಬಳಕೆಗೆ ಎಂಥ ಬಟ್ಟೆ?

ಮೂಡಿಗೆರೆ ಮಗಳು:
ಜೂನ್ ಕೊನೆಗೆ ಡೇಟ್ ಕೊಟ್ಟಿದ್ದಾರೆ. ಬಾಣಂತನ ಮೂಡಿಗೆರೆ ಹತ್ತಿರ ಅಮ್ಮನ ಮನೇಲಿ, ಅಂದ್ರೆ ಸರಿಯಾಗಿ ಆಷಾಢದ ಮಳೇಲಿ. ರಜೆ ಮುಗಿದ ಮೇಲೆ ಚಿಕ್ಕಮಗಳೂರಿನ ಆಫೀಸಿಗೆ ಬಸ್ಸಲ್ಲಿ ಓಡಾಟ. ಅಂಗಡೀಲಿ ಫೀಡಿಂಗ್ ನೈಟಿ ಅಂತ ತೋರಿಸೋದೆಲ್ಲ ಒಂದೇ ಥರ ಕಾಣ್ತವೆ. ಏನು ನೋಡಿ ತಗೋಬೇಕು? ಇರೋ ಚೂಡಿದಾರ್ ಟಾಪ್‌ಗಳಿಗೇ ಜಿಪ್ ಹಾಕಿಸಬಹುದಾ?

ಸೂಜಿದಾರ:
ಜಿಪ್ ಎಲ್ಲಿಗೆ ಮುಗಿಯುತ್ತೆ ಅನ್ನೋದನ್ನ ಮೊದಲು ನೋಡಿ. ಎಷ್ಟೋ ನೈಟಿಗಳಲ್ಲಿ ಕತ್ತಿನಿಂದ ಆರೇ ಇಂಚು ಜಿಪ್ ಇರುತ್ತೆ, ಎದೆಯ ನಡುವಿಗೇ ನಿಂತುಬಿಡುತ್ತೆ. ಆಗ ಮೇಲಿಂದ ಎಳೆದು ಕುಡಿಸಬೇಕು, ಜಿಪ್ಪಿನ ಕೆಳತುದಿ ಎದೆಯ ಅಡಿಭಾಗವನ್ನ ಒತ್ತುತ್ತಾ ಇರುತ್ತೆ. ಒತ್ತಿದ ಕಡೆ ಹಾಲು ಕಟ್ಟಿ ಗಂಟಾಗುತ್ತೆ. ತೆರಪು ತೊಟ್ಟಿಗಿಂತ ಮೂರು ಇಂಚಾದ್ರೂ ಕೆಳಗೆ ಹೋಗಿರಬೇಕು. ಅಂಗಡೀಲಿ ಮೈಮೇಲೆ ಹಿಡಿದು ನೋಡಿದ್ರೆ ಗೊತ್ತಾಗುತ್ತೆ.

ಟಾಪ್‌ಗೆ ಧಾರಾಳವಾಗಿ ಹಾಕಿಸಬಹುದು. ಪ್ರಿನ್ಸೆಸ್ ಕಟ್, ಅಂದ್ರೆ ಎದೆ ಮೇಲೆ ಎರಡೂ ಕಡೆ ಮೇಲಿಂದ ಕೆಳಗೆ ಉದ್ದ ಹೊಲಿಗೆ ಇರೋದನ್ನ ಆರಿಸಿ. ಆ ಹೊಲಿಗೇನೇ ಬಿಚ್ಚಿ ಎರಡೂ ಕಡೆ 9 ಇಂಚಿನ ಇನ್ವಿಸಿಬಲ್ ಜಿಪ್ ಕೂರಿಸಿದ್ರೆ ಹೊರಗೆ ಕಾಣಲ್ಲ. ನೈಲಾನ್ ಜಿಪ್ಪೇ ಇರಲಿ, ಲೋಹದ್ದು ನಿಮ್ಮ ಕಡೆ ತೇವಕ್ಕೆ ತುಕ್ಕು ಹಿಡಿಯುತ್ತೆ. ಒಳಗಡೆ ಒಂದಿಂಚು ಅಗಲದ ಮೆತ್ತನೆ ಕಾಟನ್ ಪಟ್ಟಿ ಕೊಡಿಸಿ, ಇಲ್ಲದಿದ್ರೆ ಜಿಪ್ಪಿನ ಹಲ್ಲು ನಿಮಗೂ ಚುಚ್ಚುತ್ತೆ, ಮಗುವಿನ ಕೆನ್ನೆಗೂ ಉಜ್ಜುತ್ತೆ. ಹೊಸ ಕಾಟನ್ ಆದ್ರೆ ರಾತ್ರಿಯಿಡೀ ನೆನೆಸಿ ಒಣಗಿಸಿಯೇ ಟೈಲರ್‌ಗೆ ಕೊಡಿ. ಬಟ್ಟೆ ಕುಗ್ಗುತ್ತೆ, ಜಿಪ್ಪಿನ ಪಟ್ಟಿ ಕುಗ್ಗಲ್ಲ, ಒಂದೇ ಒಗೆತಕ್ಕೆ ಎದೆ ಮೇಲೆ ನಿರಿಗೆ ನಿಲ್ಲುತ್ತೆ. ಈಗಲೇ ಬಿಗಿ ಇರೋ ಟಾಪ್‌ಗೆ ಮಾತ್ರ ದುಡ್ಡು ಹಾಕಬೇಡಿ. ಹಾಲು ತುಂಬಿದಾಗ ಜಿಪ್ ಬಾಯಿ ಬಿಡುತ್ತೆ.

ವಾರ್ಡ್ ಸಿಸ್ಟರ್, ಹಾಸನ:
ನೈಟಿಗಿಂತ ಒಳಉಡುಪೇ ಮುಖ್ಯ ಕಣ್ರೀ. ಹೆರಿಗೆಗೆ ಮುಂಚೆ ಎರಡು ಫೀಡಿಂಗ್ ಬ್ರಾ ಸಾಕು. ಡಜನ್ ಕೊಂಡಿಡೋದು ದಂಡ, ಅಳತೆ ಬದಲಾಗುತ್ತೆ. ಹಾಲು ಇಳಿಯೋದು ಸಾಮಾನ್ಯವಾಗಿ ಮೂರರಿಂದ ಐದನೇ ದಿನದೊಳಗೆ, ಆಗ ಕಪ್ ಒಂದೆರಡು ಸೈಜ್ ದೊಡ್ಡದು ಬೇಕಾಗಬಹುದು. ಈಗ ತಗೊಳ್ಳೋವಾಗ ಪಟ್ಟಿ ಕೊನೆಯ, ಅಂದ್ರೆ ಸಡಿಲದ ಹುಕ್ಕಿಗೆ ಸರಿಯಾಗಿ ಕೂರಬೇಕು, ಹೆರಿಗೆಯಾದ ಮೇಲೆ ಒಳಗಿನ ಹುಕ್ಕಿಗೆ ಬಿಗಿ ಮಾಡಬಹುದು. ಅಡಿಯಲ್ಲಿ ತಂತಿ ಇರೋದು ಸದ್ಯಕ್ಕೆ ಬೇಡ. ಬಿಚ್ಚಿದಾಗ ಚರ್ಮದ ಮೇಲೆ ಕೆಂಪು ಗೆರೆ ಉಳಿದಿದ್ರೆ ಅದು ಚಿಕ್ಕದಾಗಿದೆ ಅಂತಲೇ. ಎದೆ ಒಂದು ಕಡೆ ಕೆಂಪಾಗಿ ನೋವು, ಜ್ವರ ಬಂದ್ರೆ ಬಟ್ಟೆ ಬದಲಾಯಿಸಿ ಕೂರಬೇಡಿ, ಡಾಕ್ಟರ್ ಹತ್ರ ಹೋಗಿ. ಹಾಲು ಕುಡಿಸೋದನ್ನ ನಿಲ್ಲಿಸಬೇಡಿ.

ಸೋರೋದಕ್ಕೆ ಪ್ಯಾಡ್ ಮನೇಲೇ ಆಗುತ್ತೆ. ಹಳೇ ಕಾಟನ್ ಪಂಚೆ ನಾಲ್ಕು ಪದರ, ನಾಲ್ಕೂವರೆ ಇಂಚಿನ ದುಂಡಗೆ ಕತ್ತರಿಸಿ ಅಂಚು ಹೊಲಿಯಿರಿ. ಹನ್ನೆರಡು ಜೊತೆ ಇರಲಿ. ಹಿಂಬದಿ ಪ್ಲಾಸ್ಟಿಕ್ ಇರೋದು ತೇವ ಹಿಡಿದಿಟ್ಟು ತೊಟ್ಟು ಒಡೆಯೋಕೆ, ಫಂಗಸ್‌ಗೆ ದಾರಿ ಮಾಡುತ್ತೆ. ಒದ್ದೆ ಅನ್ನಿಸಿದ ತಕ್ಷಣ ಬದಲಿಸಿ.

ಮೂಡಿಗೆರೆ ಮಗಳು:
ತುಂಬಾ ಥ್ಯಾಂಕ್ಸ್ ಸಿಸ್ಟರ್. ನಾಮಕರಣಕ್ಕೆ ರೇಷ್ಮೆ ಸೀರೆ ಉಡಲೇಬೇಕು ಅಂತಿದ್ದಾರೆ ಅತ್ತೆ. ಮತ್ತೆ ಅಲ್ಲಿ ಬಟ್ಟೆ ಒಣಗಿಸೋದು ಹೇಗೋ!

ಸೂಜಿದಾರ:
ಉಡಿ, ಆದ್ರೆ ಬ್ಲೌಸ್ ಮುಂದೆ ಹುಕ್ ಇರೋದು, ಪಕ್ಕದ ಹೊಲಿಗೆಯೊಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟಿರೋದು. ಕೆಳಗಿನ ಎರಡು ಮೂರು ಹುಕ್ ತೆಗೆದ್ರೆ ಸಾಕು, ಸೆರಗೇ ಮರೆ. ಹಿಂದೆ ಹುಕ್ ಇರೋ ಡಿಸೈನರ್ ಬ್ಲೌಸ್ ಅಂದ್ರೆ ಮಗು ಅತ್ತಾಗ ಇಡೀ ಸೀರೆ ಬಿಚ್ಚಬೇಕು. ಹೆಗಲಿಗೆ ಪಿನ್ ಹಾಕಬೇಡಿ, ಜರಿ ಅಂಚು ಮಗುವಿನ ಮುಖಕ್ಕೆ ತಾಗೋ ಕಡೆ ಒಂದು ಮೆತ್ತನೆ ಬಟ್ಟೆ ಇಡಿ.

ಕಾಫಿತೋಟದ ಅಕ್ಕ:
ಒಣಗಿಸೋ ವಿಚಾರ ನಾನು ಹೇಳ್ತೀನಿ. ದಿನಕ್ಕೆ ಎರಡು ನೈಟಿ ಬದಲಿಸ್ತೀರಾ, ದಪ್ಪ ಕಾಟನ್ ಆ ಮಳೇಲಿ ಒಣಗೋಕೆ ಮೂರು ದಿನ. ಆರು ಅಲ್ಲಿಗೇ ಆಯ್ತು, ಮೇಲೆ ಎರಡು. ತೆಳು ಕಾಟನ್ ಆದ್ರೆ ಐದರಲ್ಲೇ ಸಾಗುತ್ತೆ. ಪ್ಯಾಡು, ಬ್ರಾ ಮುಟ್ಟಿದ್ರೆ ಒಣಗಿದ ಹಾಗಿರುತ್ತೆ, ಪದರದೊಳಗೆ ತೇವ ಇರುತ್ತೆ, ಕಾಟನ್ ಪ್ಯಾಡಿಗೆ ಇಸ್ತ್ರಿ ಹಾಕಿಯೇ ಎತ್ತಿಡಿ. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿದ್ರೆ ಬೇಗ ಒಣಗುತ್ತೆ ನಿಜ, ಹೊಗೆ ವಾಸನೆ ಹೋಗಲ್ಲ. ಹಾಲಿನ ಕಲೆಗೆ ಮೊದಲು ತಣ್ಣೀರು, ಆಮೇಲೆ ಸೋಪು. ಬಿಸಿನೀರಿಗೆ ಹಾಕಿದ್ರೆ ಕಲೆ ಕಚ್ಚಿಕೊಳ್ಳುತ್ತೆ.

ಕೆಂಡ, ಲೋಬಾನದ ಹತ್ರ ಪಾಲಿಯೆಸ್ಟರ್ ನೈಟಿ ಹಾಕಿಕೊಂಡು ಕೂರಬೇಡಮ್ಮ. ಕಿಡಿ ಬಿದ್ರೆ ಅದು ಕರಗಿ ಮೈಗೆ ಅಂಟುತ್ತೆ. ಹೊಗೆ ಮಗುವಿಗೂ ಒಳ್ಳೇದಲ್ಲ, ಹೇಳೋರು ಹೇಳ್ಕೊಳ್ಳಲಿ.

ಚಳಿಗೆ ತಲೆಯಿಂದ ಹಾಕೋ ಸ್ವೆಟರ್ ಬೇಡ, ಮುಂದೆ ಗುಂಡಿ ಇರೋದು ತಗೊಳ್ಳಿ. ಬನಿಯನ್ನನ್ನ ಎದೆ ಮೇಲೆ ಎರಡೂ ಕಡೆ ಉದ್ದಕ್ಕೆ ಸೀಳಿ ಒಳಗೆ ಹಾಕ್ಕೊಂಡ್ರೆ ಟಾಪ್ ಎತ್ತಿದಾಗ ಹೊಟ್ಟೆ ಬೆನ್ನಿಗೆ ಗಾಳಿ ಬಡಿಯಲ್ಲ. ಹೊಸೈರಿ ಬಟ್ಟೆ, ಅಂಚು ಹೊಲಿಯದಿದ್ರೂ ಎಳೆ ಬಿಡಲ್ಲ.

ವಾರ್ಡ್ ಸಿಸ್ಟರ್, ಹಾಸನ:
ಮಗುವನ್ನ ಕರ್ಕೊಂಡು ಬಸ್ಸಲ್ಲಿ ಹೋಗೋವಾಗ ದೊಡ್ಡ ಕಾಟನ್ ದುಪಟ್ಟಾ ಸಾಕು, ಮೂಗು ಕಾಣೋ ಹಾಗೆ ಮರೆ ಮಾಡಿ. ಆಫೀಸಿಗೆ ಸಣ್ಣ ಪ್ರಿಂಟ್ ಇರೋ ಗಾಢ ಬಣ್ಣದ ಟಾಪ್, ಒದ್ದೆ ಕಾಣಲ್ಲ. ತಿಳಿ ಬೂದು ಬಣ್ಣ ಒಂದು ಹನಿ ಬಿದ್ರೂ ಸಾರಿ ಹೇಳುತ್ತೆ. ಹೆರಿಗೆ ಸೌಲಭ್ಯದ ಕಾನೂನಲ್ಲಿ ಮಗುವಿಗೆ 15 ತಿಂಗಳಾಗೋವರೆಗೆ ದಿನಕ್ಕೆ ಎರಡು ಸಲ ಹಾಲುಣಿಸೋ ಬಿಡುವು ಇದೆ, ಸೇರೋ ದಿನವೇ ಕೇಳಿ. ಎರಡು ಜಿಪ್ಪಿನ ಟಾಪ್ ಆ ಹೊತ್ತಿಗೆ ಪಂಪ್ ಮಾಡೋಕೂ ಆಗುತ್ತೆ.